ಉಗ್ರಾಣದ ಕೀಲಿಕೈ



2020ರ ಸೆಪ್ಟೆಂಬರ್ 1ರಂದು ಫಿನ್ಲೆಂಡಿನ ಸೆರಾವೊ ಎಂಬ ವೆಬ್ ಹೋಸ್ಟಿಂಗ್ ಕಂಪನಿಯವರ ಕಣ್ಣಿಗೆ ಒಂದು ವಿಚಿತ್ರ ಬಿತ್ತು. ಅವರ ಗ್ರಾಹಕರ ಕೆಲವು ಜಾಲತಾಣಗಳಲ್ಲಿ ಯಾರೂ ಹಾಕದ ಫೈಲುಗಳು ಬಂದು ಕೂತಿದ್ದವು. ಹಾಕಿದವರಿಗೆ ಪಾಸ್‌ವರ್ಡೇ ಬೇಕಾಗಿರಲಿಲ್ಲ. ಜಾಡು ಹಿಡಿದು ಹೋದರೆ ಅದು 'ಫೈಲ್ ಮ್ಯಾನೇಜರ್' ಎಂಬ ಪ್ಲಗಿನ್ನಿಗೆ ಹೋಗಿ ನಿಂತಿತು. ಜಾಲತಾಣದ ಫೈಲುಗಳನ್ನು ಸುಲಭವಾಗಿ ಅತ್ತಿತ್ತ ಮಾಡಲು ಅನುಕೂಲ ಆಗಲಿ ಅಂತ ಹಾಕಿಕೊಳ್ಳುವ ಪ್ಲಗಿನ್ ಅದು. ಆ ಹೊತ್ತಿಗೆ 7 ಲಕ್ಷಕ್ಕೂ ಹೆಚ್ಚು ವರ್ಡ್‌ಪ್ರೆಸ್ ತಾಣಗಳಲ್ಲಿ ಇತ್ತು.

ತಪ್ಪು ಎಲ್ಲಿತ್ತು ಅಂತ ಸ್ವಲ್ಪ ಹತ್ತಿರದಿಂದ ನೋಡೋಣ, ಯಾಕೆಂದರೆ ಅದು ಅಷ್ಟು ಸಣ್ಣದು. ಈ ಪ್ಲಗಿನ್ ಮಾಡಿದವರು ಎಲ್ಲವನ್ನೂ ತಾವೇ ಬರೆದವರಲ್ಲ. 'ಎಲ್‌ಫೈಂಡರ್' ಎಂಬ, ಬೇರೆಯವರು ಬರೆದು ಉಚಿತವಾಗಿ ಹಂಚಿದ ಕೋಡನ್ನು ತಂದು ಒಳಗೆ ಸೇರಿಸಿಕೊಂಡಿದ್ದರು. ಅದರ ಜೊತೆ ಒಂದು ಮಾದರಿ ಫೈಲ್ ಬರುತ್ತದೆ. ಹೆಸರಿನ ತುದಿಯಲ್ಲಿ 'ಡಾಟ್ ಡಿಸ್ಟ್' ಎಂಬ ಬಾಲ. ಆ ಬಾಲ ಇರುವ ತನಕ ಸರ್ವರ್ ಅದನ್ನು ಪ್ರೋಗ್ರಾಂ ಅಂತ ಪರಿಗಣಿಸುವುದಿಲ್ಲ. ಅದು ಬರೀ ನೋಡಿ ಕಲಿಯಲು ಕೊಟ್ಟ ನಮೂನೆ. ಪ್ಲಗಿನ್ ಮಾಡಿದವರು ಆ ಬಾಲ ಕತ್ತರಿಸಿ, ಹೆಸರು 'ಡಾಟ್ ಪಿಎಚ್‌ಪಿ'ಗೆ ಮುಗಿಯುವಂತೆ ಮಾಡಿದರು. ಅಷ್ಟೇ. ನಮೂನೆಗೆ ಜೀವ ಬಂತು. ಅದರಲ್ಲಿ 'ನೀನು ಯಾರು' ಎಂದು ಕೇಳುವ ಒಂದು ಸಾಲೂ ಇರಲಿಲ್ಲ, ಯಾಕೆಂದರೆ ನಮೂನೆಗೆ ಅದರ ಅಗತ್ಯವೇ ಇರಲಿಲ್ಲ. ಆ ಫೈಲಿನ ವಿಳಾಸ ಗೊತ್ತಿದ್ದವರು ಯಾರು ಬೇಕಾದರೂ, ಅದು ಇರುವ ಯಾವ ತಾಣಕ್ಕೆ ಬೇಕಾದರೂ, ತಮ್ಮ ಪ್ರೋಗ್ರಾಂ ಏರಿಸಿ ಓಡಿಸಬಹುದಾಗಿತ್ತು.

ಸುದ್ದಿ ಮುಟ್ಟಿದ ದಿನವೇ ಪ್ಲಗಿನ್ ಮಾಡಿದವರು ತಪ್ಪು ತಿದ್ದಿ ಹೊಸ ಆವೃತ್ತಿ ಬಿಟ್ಟರು. ಅಷ್ಟರಲ್ಲಿ ದಾಳಿಕೋರರು ಕೆಲಸ ಶುರು ಮಾಡಿ ಆಗಿತ್ತು. ಕೆಲವೇ ದಿನಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ತಾಣಗಳ ಕದ ತಟ್ಟಿದರು. ಆ ಪ್ಲಗಿನ್ ಇದೆಯೋ ಇಲ್ಲವೋ ಎಂದು ನೋಡುವ ಗೋಜಿಗೂ ಹೋಗಲಿಲ್ಲ. ಒಬ್ಬ ದಾಳಿಕೋರನಂತೂ ತಾನು ನುಗ್ಗಿದ ಮೇಲೆ ಆ ಫೈಲಿಗೆ ತನ್ನದೇ ಪಾಸ್‌ವರ್ಡ್ ಹಾಕಿಬಿಡುತ್ತಿದ್ದ, ಬೇರೆ ಕಳ್ಳರು ಬರಬಾರದಲ್ಲ! ತಾಣದ ಯಜಮಾನರು ಮಾಡದ ಕೆಲಸವನ್ನು ಕಳ್ಳ ಮಾಡಿದ.

ಪ್ಲಗಿನ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ವರ್ಡ್‌ಪ್ರೆಸ್ ಎಂಬ ತಂತ್ರಾಂಶವನ್ನು 2003ರಲ್ಲಿ ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟಲ್ ಶುರು ಮಾಡಿದರು. ಇವತ್ತು ಜಗತ್ತಿನ ಜಾಲತಾಣಗಳಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಅದರ ಮೇಲೆ ನಿಂತಿವೆ. 2004ರಲ್ಲಿ ಅದಕ್ಕೆ ಪ್ಲಗಿನ್ ಸೇರಿಸುವ ಸೌಲಭ್ಯ ಬಂತು. ಮೂಲ ತಂತ್ರಾಂಶ ಚಿಕ್ಕದಾಗಿರಲಿ, ಬೇಕಾದವರು ಬೇಕಾದ್ದನ್ನು ಮೇಲೆ ಜೋಡಿಸಿಕೊಳ್ಳಲಿ ಎಂಬುದು ಅದರ ಹಿಂದಿನ ಯೋಚನೆ. ಉಚಿತವಾಗಿ ಸಿಗುವ ಪ್ಲಗಿನ್ನುಗಳೇ ಈಗ ಸುಮಾರು 60 ಸಾವಿರ ಇವೆ. ಮಲೆನಾಡಿನ ಹೋಮ್‌ಸ್ಟೇಯವರು ರೂಮ್ ಬುಕಿಂಗಿಗೆ ಒಂದು ಹಾಕುತ್ತಾರೆ. ದೇವಸ್ಥಾನದವರು ಸೇವೆಯ ರಸೀದಿಗೆ ಒಂದು, ಕಾಲೇಜಿನವರು ಅಡ್ಮಿಷನ್ ಫಾರ್ಮಿಗೆ ಒಂದು, ಕನ್ನಡದ ಒಂದು ವೆಬ್ ಪತ್ರಿಕೆಯವರು ಫೋಟೋ ಸರಿಸುವುದಕ್ಕೆ ಒಂದು. ಒಂದೊಂದೂ ಒಂದೆರಡು ಕ್ಲಿಕ್ಕಿನ ಕೆಲಸ. ಹೀಗೆ ಒಂದೊಂದೇ ಸೇರಿ ಇಪ್ಪತ್ತು ಮೂವತ್ತು ಆಗಿರುತ್ತವೆ.

ಈಗ ಮುಖ್ಯವಾದ ಮಾತು. ಈ ಪ್ಲಗಿನ್ನುಗಳ ನಡುವೆ ಗೋಡೆ ಇಲ್ಲ. ಪುಟದ ಮೇಲೆ ಹಿಮ ಉದುರಿದಂತೆ ತೋರಿಸುವ ಪ್ಲಗಿನ್ನಿಗೂ ಹಣ ಪಾವತಿ ನೋಡಿಕೊಳ್ಳುವ ಪ್ಲಗಿನ್ನಿಗೂ ವರ್ಡ್‌ಪ್ರೆಸ್ಸಿನ ಒಳಗೆ ಒಂದೇ ಅಧಿಕಾರ. ಎರಡೂ ಡೇಟಾಬೇಸಿನ ಪಾಸ್‌ವರ್ಡ್ ಓದಬಲ್ಲವು, ಹೊಸ ಅಡ್ಮಿನ್ ಖಾತೆ ತೆರೆಯಬಲ್ಲವು, ಗ್ರಾಹಕರ ಹೆಸರು ಫೋನ್ ನಂಬರಿನ ಪಟ್ಟಿಯನ್ನು ಹೊರಗೆ ಕಳಿಸಬಲ್ಲವು. ಮದುವೆ ಮನೆಯಲ್ಲಿ ಉಗ್ರಾಣದ ಕೀಲಿಕೈ ಒಬ್ಬ ಹಿರಿಯರ ಸೊಂಟದಲ್ಲಿರುತ್ತದೆ. ಹೂವು ಕಟ್ಟಲು ಬಂದವನಿಗೆ, ಓಲಗದವನಿಗೆ ಅದನ್ನು ಕೊಡುವುದಿಲ್ಲ. ಜಾಲತಾಣದಲ್ಲಿ ಹೂವಿನವನ ಕೈಗೂ ಓಲಗದವನ ಕೈಗೂ ಅದೇ ಕೀಲಿ. ಕೊಟ್ಟಿದ್ದೇವೆ ಎಂಬುದೇ ನಮಗೆ ಗೊತ್ತಿರುವುದಿಲ್ಲ.

ಹಾಗಾಗಿಯೇ ಕಳ್ಳರು ವರ್ಡ್‌ಪ್ರೆಸ್ಸಿನ ಹೆಬ್ಬಾಗಿಲ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಈ ದೋಷಗಳ ಲೆಕ್ಕ ಇಡುವ ಪ್ಯಾಚ್‌ಸ್ಟ್ಯಾಕ್ ಸಂಸ್ಥೆಯ ಪ್ರಕಾರ 2024ರಲ್ಲಿ ವರ್ಡ್‌ಪ್ರೆಸ್ ಲೋಕದಲ್ಲಿ ಹೊಸದಾಗಿ ಬಯಲಾದ ದೋಷಗಳು ಸುಮಾರು 8 ಸಾವಿರ. ಅದರಲ್ಲಿ ನೂರಕ್ಕೆ 96 ಪ್ಲಗಿನ್ನುಗಳಲ್ಲಿ. ಮೂಲ ವರ್ಡ್‌ಪ್ರೆಸ್ಸಿನಲ್ಲಿ ಸಿಕ್ಕಿದ್ದು ಬೆರಳೆಣಿಕೆಯಷ್ಟು.

ಇಂಥ ಮಾತು ಬಂದಾಗ ಎಲ್ಲರೂ ಕೊಡುವ ಒಂದೇ ಸಲಹೆ ಇದೆ: ಅಪ್‌ಡೇಟ್ ಮಾಡ್ತಾ ಇರಿ. ಒಳ್ಳೆಯ ಸಲಹೆಯೇ. ಆದರೆ ಅದು ಅರ್ಧ ಸಲಹೆ. ಯಾಕೆ ಅರ್ಧ ಎಂಬುದಕ್ಕೆ ಎರಡು ಪ್ರಸಂಗ ಹೇಳುತ್ತೇನೆ.

ಮೊದಲನೆಯದು 'ಸ್ಲೈಡರ್ ರೆವಲ್ಯೂಷನ್'. ಮುಖಪುಟದಲ್ಲಿ ದೊಡ್ಡ ದೊಡ್ಡ ಚಿತ್ರ ಒಂದಾದ ಮೇಲೊಂದು ಜಾರುತ್ತವಲ್ಲ, ಆ ಕೆಲಸದ್ದು. ದುಡ್ಡು ಕೊಟ್ಟು ಕೊಳ್ಳುವ ಪ್ಲಗಿನ್. ಆದರೆ ಬಹಳ ಜನ ಅದನ್ನು ಬಿಡಿಯಾಗಿ ಕೊಂಡವರಲ್ಲ. ಅವರು ಕೊಂಡದ್ದು ಥೀಮ್, ಅಂದರೆ ಇಡೀ ತಾಣದ ವೇಷಭೂಷಣ. ಅದರ ಹೊಟ್ಟೆಯಲ್ಲಿ ಈ ಸ್ಲೈಡರೂ ಸೇರಿ ಬಂದಿತ್ತು. ಅದರಲ್ಲಿ ಒಂದು ದೋಷವಿತ್ತು. ಚಿತ್ರ ಕೇಳುವ ನೆಪದಲ್ಲಿ ಸರ್ವರಿನ ಯಾವ ಫೈಲನ್ನಾದರೂ, ಡೇಟಾಬೇಸಿನ ಪಾಸ್‌ವರ್ಡ್ ಇರುವ ಫೈಲನ್ನೂ ಸಹ, ಹೊರಗಿನವರು ತರಿಸಿಕೊಳ್ಳಬಹುದಾಗಿತ್ತು. ಕಂಪನಿಯವರು 2014ರ ಫೆಬ್ರವರಿಯಲ್ಲಿ ಸದ್ದಿಲ್ಲದೆ ಸರಿಪಡಿಸಿದರು. ಜಗತ್ತಿಗೆ ಗೊತ್ತಾಗಿದ್ದು ಸೆಪ್ಟೆಂಬರಿನಲ್ಲಿ. ಥೀಮಿನ ಒಳಗೆ ಅಡಗಿ ಕೂತಿದ್ದ ಹಳೆಯ ಪ್ರತಿಗಳಿಗೆ ಅಪ್‌ಡೇಟ್ ಬಂದಿದೆ ಎಂಬ ಸೂಚನೆಯೇ ಬರುತ್ತಿರಲಿಲ್ಲ. ಡಿಸೆಂಬರಿನಲ್ಲಿ 'ಸೋಕ್‌ಸೋಕ್' ಎಂಬ ಹೆಸರಿನ ದಾಳಿ ಆಯಿತು; ಒಂದೇ ಪೆಟ್ಟಿಗೆ ಗೂಗಲ್ 11 ಸಾವಿರಕ್ಕೂ ಹೆಚ್ಚು ತಾಣಗಳನ್ನು ಅಪಾಯದ ಪಟ್ಟಿಗೆ ಸೇರಿಸಿತು. ಅಪ್‌ಡೇಟ್ ಮಾಡಲಿಲ್ಲ ಎಂದು ಆ ತಾಣಗಳ ಯಜಮಾನರನ್ನು ದೂರುವುದು ಹೇಗೆ? ತಮ್ಮ ಹತ್ತಿರ ಆ ಪ್ಲಗಿನ್ ಇದೆ ಎಂಬುದೇ ಎಷ್ಟೋ ಜನರಿಗೆ ತಿಳಿದಿರಲಿಲ್ಲ.

ಎರಡನೆಯದು ಇನ್ನೂ ಪೇಚಿನದು. 'ಡಿಸ್‌ಪ್ಲೇ ವಿಜೆಟ್ಸ್' ಎಂಬ ಪುಟ್ಟ, ಬಡಪಾಯಿ ಪ್ಲಗಿನ್. ಪುಟದ ಪಕ್ಕದ ಪಟ್ಟಿಯಲ್ಲಿ ಏನು ಕಾಣಬೇಕು ಏನು ಕಾಣಬಾರದು ಎಂದು ತೀರ್ಮಾನಿಸುವುದಷ್ಟೇ ಅದರ ಕೆಲಸ. 2 ಲಕ್ಷ ತಾಣಗಳಲ್ಲಿ ಇತ್ತು. ಮಾಡಿದವರು ವರ್ಷಗಟ್ಟಲೆ ಪುಕ್ಕಟೆ ನೋಡಿಕೊಂಡು ಸಾಕಾಗಿ, 2017ರಲ್ಲಿ 15 ಸಾವಿರ ಡಾಲರಿಗೆ ಅದನ್ನು ಬೇರೊಬ್ಬರಿಗೆ ಮಾರಿದರು. ಮಾರಿದವರನ್ನು ಬೈಯುವುದು ಸುಲಭ. ಆದರೆ ಅದನ್ನು ಬಳಸುತ್ತಿದ್ದ 2 ಲಕ್ಷ ತಾಣಗಳಿಂದ ಅವರಿಗೆ ಬರುತ್ತಿದ್ದದ್ದು ಏನು? 'ಇದು ಕೆಲಸ ಮಾಡ್ತಿಲ್ಲ, ಬೇಗ ಸರಿ ಮಾಡಿ' ಎಂಬ ಪತ್ರಗಳೇ ಇರಬೇಕು.

ಹೊಸ ಯಜಮಾನ ಜೂನ್ ತಿಂಗಳಲ್ಲಿ ಹೊಸ ಆವೃತ್ತಿ ಬಿಟ್ಟ. ಅದು ಹೊರಗಿನ ಸರ್ವರಿನಿಂದ ಕೋಡ್ ಎಳೆದುಕೊಳ್ಳುತ್ತಿದೆ ಎಂದು ಯಾರೋ ಪತ್ತೆ ಹಚ್ಚಿ ದೂರು ಕೊಟ್ಟರು. ವರ್ಡ್‌ಪ್ರೆಸ್ಸಿನವರು ತಮ್ಮ ಭಂಡಾರದಿಂದ ಪ್ಲಗಿನ್ ತೆಗೆದರು. ಆತ 'ಸರಿಪಡಿಸಿದ್ದೇನೆ' ಎಂದು ಮತ್ತೆ ತಂದ. ಮತ್ತೆ ತೆಗೆದರು. ಮತ್ತೆ ಬಂತು. ಹೀಗೆ ಸೆಪ್ಟೆಂಬರ್ ಹೊತ್ತಿಗೆ ನಾಲ್ಕು ಸಲ ಆಯಿತು, ನಾಲ್ಕನೆಯ ಸಲ ಬಾಗಿಲು ಖಾಯಂ ಮುಚ್ಚಿದರು. ನಡುವೆ ಬಿಟ್ಟ ಆವೃತ್ತಿಗಳಲ್ಲಿ ಇದ್ದ ಕಳ್ಳ ಕೋಡಿನ ಜಾಣ್ಮೆ ನೋಡಿ: ಅದು ತಾಣದೊಳಗೆ ಜಾಹೀರಾತಿನ ಪುಟಗಳನ್ನು ಸೇರಿಸುತ್ತಿತ್ತು, ಆದರೆ ಲಾಗಿನ್ ಆದವರಿಗೆ ಆ ಪುಟ ತೋರಿಸುತ್ತಿರಲಿಲ್ಲ. ಯಜಮಾನರು ತಮ್ಮ ತಾಣವನ್ನು ನೋಡುವುದೇ ಲಾಗಿನ್ ಆಗಿ ಅಲ್ಲವೇ? ಅವರ ಪಾಲಿಗೆ ಎಲ್ಲ ಸರಿಯಾಗಿತ್ತು. ಊರವರಿಗೆಲ್ಲ ಕಾಣುತ್ತಿದ್ದದ್ದು ಅವರೊಬ್ಬರಿಗೆ ಕಾಣುತ್ತಿರಲಿಲ್ಲ.

ಇಲ್ಲಿ ಸಿಕ್ಕಿಬಿದ್ದವರು ಸೋಮಾರಿಗಳಲ್ಲ, ಹೇಳಿದ ಮಾತು ಕೇಳಿ ಶ್ರದ್ಧೆಯಿಂದ ಅಪ್‌ಡೇಟ್ ಒತ್ತಿದವರು. ಮದ್ದು ಬರುವ ದಾರಿಯಲ್ಲೇ ವಿಷವೂ ಬಂತು. ಇನ್ನೊಂದು ಸಂಗತಿ ಗಮನಿಸಿ: ಭಂಡಾರದಿಂದ ಪ್ಲಗಿನ್ ತೆಗೆದ ಮಾತ್ರಕ್ಕೆ ನಿಮ್ಮ ತಾಣದಲ್ಲಿರುವ ಪ್ರತಿ ಮಾಯವಾಗುವುದಿಲ್ಲ. 'ಈ ಪ್ಲಗಿನ್ ಮುಚ್ಚಲಾಗಿದೆ' ಎಂಬ ಬೋರ್ಡು ಅದರ ಅಧಿಕೃತ ಪುಟದಲ್ಲಿ ನೇತಾಡುತ್ತದೆ. ಆ ಪುಟಕ್ಕೆ ನೀವು ಕೊನೆಯ ಬಾರಿ ಹೋಗಿದ್ದು ಪ್ಲಗಿನ್ ಹಾಕಿದ ದಿನ.

ಒಂದು ಪ್ಲಗಿನ್ ಹಾಕುವುದು ಸಾಮಾನು ಕೊಂಡಂತೆ ಮುಗಿದುಹೋಗುವ ವ್ಯವಹಾರವಲ್ಲ. ಎಲ್ಲೋ ಇರುವ, ಹೆಸರೂ ಸರಿಯಾಗಿ ತಿಳಿಯದ ಒಬ್ಬ ವ್ಯಕ್ತಿಯ ಜೊತೆ ಬಹಳ ಕಾಲದ ಸಂಬಂಧ ಬೆಳೆಸಿದ್ದೇವೆ. ಆತ ನಾಳೆ ಬೇಸತ್ತು ಬಿಟ್ಟುಬಿಡಬಹುದು, ಮಾರಬಹುದು, ಆತನ ಪಾಸ್‌ವರ್ಡೇ ಕಳುವಾಗಬಹುದು. ಕೊನೆಯದು ಊಹೆಯಲ್ಲ. 2024ರ ಜೂನಿನಲ್ಲಿ 'ಸೋಷಿಯಲ್ ವಾರ್‌ಫೇರ್' ಸೇರಿ ಹಲವು ಪ್ಲಗಿನ್ನುಗಳಿಗೆ ಕಳ್ಳ ಕೋಡ್ ಸೇರಿದ್ದು ಹೀಗೆಯೇ. ಅವುಗಳ ನಿರ್ಮಾತೃಗಳು ಬೇರೆ ಕಡೆ ಸೋರಿಹೋದ ಹಳೆಯ ಪಾಸ್‌ವರ್ಡನ್ನೇ ಇಲ್ಲಿಯೂ ಇಟ್ಟುಕೊಂಡಿದ್ದರು. ಆಮೇಲೆ, ಅದೇ ವರ್ಷದ ಅಕ್ಟೋಬರ್ 1ರಿಂದ, ಪ್ಲಗಿನ್ ಬರೆಯುವವರಿಗೆ ಎರಡು ಹಂತದ ಲಾಗಿನ್ ಕಡ್ಡಾಯ ಮಾಡಿದರು.

'ಹಾಗಾದರೆ ದೊಡ್ಡ, ಹೆಸರುವಾಸಿ ಪ್ಲಗಿನ್ ಮಾತ್ರ ಹಾಕಿಕೊಳ್ಳೋಣ' ಎನ್ನುವವರಿದ್ದಾರೆ. ಅದರಲ್ಲಿ ಸ್ವಲ್ಪ ಹುರುಳಿದೆ, ಪೂರ್ತಿ ಇಲ್ಲ. ತಾಣದ ವೇಗ ಹೆಚ್ಚಿಸುವ 'ಲೈಟ್‌ಸ್ಪೀಡ್ ಕ್ಯಾಶ್' 50 ಲಕ್ಷಕ್ಕೂ ಹೆಚ್ಚು ಕಡೆ ಇರುವಂಥದ್ದು. ಅದರೊಳಗೆ ಒಂದು ಗುಟ್ಟಿನ ಸಂಕೇತ ಇತ್ತು; ಅದನ್ನು ಹೇಳಿದವರಿಗೆ ಅಡ್ಮಿನ್ ಅಧಿಕಾರ ಸಿಗುತ್ತಿತ್ತು. ಗುಟ್ಟು ಹುಟ್ಟುತ್ತಿದ್ದ ಕ್ರಮ ಎಷ್ಟು ಬಡಕಲಾಗಿತ್ತೆಂದರೆ ಅದು ಹತ್ತು ಲಕ್ಷ ಸಾಧ್ಯತೆಗಳಲ್ಲಿ ಒಂದು ಮಾತ್ರ ಆಗಿರಬಹುದಿತ್ತು. ಕಂಪ್ಯೂಟರಿಗೆ ಹತ್ತು ಲಕ್ಷ ಊಹೆ ಯಾವ ಲೆಕ್ಕ? 2024ರ ಆಗಸ್ಟಿನಲ್ಲಿ ಅದನ್ನು ಸರಿಪಡಿಸಿದರು.

ಇದಕ್ಕಿಂತ ನನಗೆ ಹೆಚ್ಚು ಕಸಿವಿಸಿ ಮಾಡಿದ್ದು ಅದೇ ವರ್ಷ ನವೆಂಬರಿನ ಇನ್ನೊಂದು ಪ್ರಸಂಗ. 'ರಿಯಲಿ ಸಿಂಪಲ್ ಸೆಕ್ಯೂರಿಟಿ' ಅಂತ ಒಂದು ಪ್ಲಗಿನ್. ಹೆಸರೇ ಹೇಳುವಂತೆ ಕಾವಲಿಗೆ ಹಾಕಿಕೊಳ್ಳುವುದು. 40 ಲಕ್ಷ ತಾಣಗಳಲ್ಲಿ ಇತ್ತು. ಅದರಲ್ಲಿ ಎರಡು ಹಂತದ ಲಾಗಿನ್ ಸೌಲಭ್ಯವಿತ್ತು. ಬಂದವನು ತೋರಿಸಿದ ಗುರುತು ಸರಿಯೇ ಎಂದು ಪರೀಕ್ಷಿಸುವ ಒಂದು ಕೋಡ್ ತುಣುಕು; ಗುರುತು ಸುಳ್ಳಾದರೆ ಅದು 'ಸುಳ್ಳು' ಎಂದು ಸರಿಯಾಗಿಯೇ ಉತ್ತರ ಕೊಡುತ್ತಿತ್ತು. ಆದರೆ ಅದನ್ನು ಕೇಳಬೇಕಾದ ಮುಂದಿನ ತುಣುಕು ಉತ್ತರದ ಕಡೆ ತಿರುಗಿಯೂ ನೋಡದೆ, ಬಂದವನು ಯಾವ ಬಳಕೆದಾರರ ಸಂಖ್ಯೆ ಹೇಳಿದನೋ ಅವರ ಹೆಸರಿನಲ್ಲಿ ಅವನನ್ನು ಒಳಗೆ ಬಿಡುತ್ತಿತ್ತು. ಅಡ್ಮಿನ್ನಿನ ಸಂಖ್ಯೆ ಬಹಳ ಕಡೆ 1. ಎರಡು ಹಂತದ ಲಾಗಿನ್ ಬೇಡ ಅಂತ ಬಿಟ್ಟವರಿಗೆ ಈ ದೋಷದಿಂದ ಏನೂ ಆಗುತ್ತಿರಲಿಲ್ಲ. ಹೆಚ್ಚಿನ ಎಚ್ಚರಿಕೆ ಬೇಕು ಅಂತ ಅದನ್ನು ಆನ್ ಮಾಡಿಕೊಂಡವರಿಗೇ ಅಪಾಯ. ಪರಿಸ್ಥಿತಿ ಎಷ್ಟು ಗಂಭೀರ ಆಯಿತೆಂದರೆ ವರ್ಡ್‌ಪ್ರೆಸ್ಸಿನವರು ಯಜಮಾನರ ಒಪ್ಪಿಗೆಗೆ ಕಾಯದೆ ತಾವೇ ಅಪ್‌ಡೇಟ್ ತಳ್ಳಿದರು.

ಕಾವಲಿನ ಪ್ಲಗಿನ್ನೂ ಒಂದು ಪ್ಲಗಿನ್ನೇ, ಇದು ನೆನಪಿರಲಿ. ಒಂದು ಸಾಕು. ಮೂರು ಮೂರು ಹಾಕಿಕೊಂಡು ನಿಶ್ಚಿಂತೆಯಿಂದ ಇರುವವರನ್ನು ಕಂಡರೆ ನನಗೆ ಚಿಂತೆ.

ವರ್ಡ್‌ಪ್ರೆಸ್ ಬಳಸದವರಿಗೂ ಒಂದು ಮಾತು. ನಿಮ್ಮ ಪುಟದಲ್ಲಿ ಬೇರೆ ಸರ್ವರಿನಿಂದ ಬಂದು ಓಡುವ ಸ್ಕ್ರಿಪ್ಟುಗಳಿರುತ್ತವೆ, ಚಾಟ್ ಪೆಟ್ಟಿಗೆ, ಜಾಹೀರಾತು, ಲೆಕ್ಕ ಇಡುವ ಮೀಟರು ಇತ್ಯಾದಿ. 2018ರ ಫೆಬ್ರವರಿ 11, ಭಾನುವಾರ. ದೃಷ್ಟಿ ಮಂದವಿರುವವರಿಗೆ ಪುಟವನ್ನು ಓದಿ ಹೇಳುವ 'ಬ್ರೌಸ್‌ಅಲೌಡ್' ಎಂಬ ಸ್ಕ್ರಿಪ್ಟನ್ನು ಯಾರೋ ತಿರುಚಿದರು. ಅದನ್ನು ಬಳಸುತ್ತಿದ್ದ 4 ಸಾವಿರಕ್ಕೂ ಹೆಚ್ಚು ತಾಣಗಳಿಗೆ ಭೇಟಿ ಕೊಟ್ಟವರ ಕಂಪ್ಯೂಟರುಗಳು ಅವರಿಗೆ ತಿಳಿಯದಂತೆ 'ಮೊನೆರೊ' ಎಂಬ ಡಿಜಿಟಲ್ ಹಣ ಗಣಿಗಾರಿಕೆಗೆ ದುಡಿದವು. ಸಿಕ್ಕಿಬಿದ್ದವುಗಳಲ್ಲಿ ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿಯ ತಾಣವೂ ಒಂದು, ಜನರ ಖಾಸಗಿ ಮಾಹಿತಿ ಕಾಯುವುದೇ ಅವರ ಕೆಲಸ! ಇದಕ್ಕೆ ಮದ್ದು ಆಗಲೇ ಇತ್ತು. ಸ್ಕ್ರಿಪ್ಟನ್ನು ಸೇರಿಸುವ ಸಾಲಿನಲ್ಲೇ ಅದರ ಬೆರಳಚ್ಚಿನಂಥ ಒಂದು ಸಂಕೇತ ಬರೆದಿಟ್ಟರೆ, ಬಂದ ಫೈಲಿನಲ್ಲಿ ಒಂದಕ್ಷರ ಬದಲಾಗಿದ್ದರೂ ಬ್ರೌಸರ್ ಅದನ್ನು ಓಡಿಸುವುದಿಲ್ಲ. ತಾಣ ಮಾಡಿಕೊಡುವವರಿಗೆ ಹೇಳಿ ಮಾಡಿಸಿಕೊಳ್ಳಬಹುದಾದ ಕೆಲಸ.

ಇನ್ನು ಮಾಡಬೇಕಾದ್ದೇನು? ಮೊದಲು ಎಣಿಸಿ. ಅಡ್ಮಿನ್ ಪುಟಕ್ಕೆ ಹೋಗಿ ಪ್ಲಗಿನ್ ಪಟ್ಟಿ ತೆರೆಯಿರಿ. ಒಂದೊಂದಕ್ಕೂ 'ಇದು ಯಾಕಿದೆ' ಎಂದು ಕೇಳಿ, ಉತ್ತರ ಹೊಳೆಯದಿದ್ದರೆ ತೆಗೆದುಹಾಕಿ. ತೆಗೆಯುವುದು ಅಂದರೆ ಡಿಆಕ್ಟಿವೇಟ್ ಮಾಡುವುದಲ್ಲ, ಡಿಲೀಟ್ ಮಾಡುವುದು. ನಿಲ್ಲಿಸಿಟ್ಟ ಪ್ಲಗಿನ್ನಿನ ಫೈಲುಗಳು ಸರ್ವರಿನಲ್ಲಿ ಹಾಗೇ ಬಿದ್ದಿರುತ್ತವೆ. ಆಗಲೇ ಹೇಳಿದ ಬಾಲ ಕತ್ತರಿಸಿದ ಫೈಲನ್ನು ನೆನಪಿಸಿಕೊಳ್ಳಿ, ಅದಕ್ಕೆ ವರ್ಡ್‌ಪ್ರೆಸ್ಸಿನ ಹಂಗೇ ಇರಲಿಲ್ಲ. ಪ್ಲಗಿನ್ ನಿಲ್ಲಿಸಿದ್ದರೂ ವಿಳಾಸ ಹೊಡೆದರೆ ಓಡುತ್ತಿತ್ತು. ಉಳಿದವುಗಳ ಅಧಿಕೃತ ಪುಟಕ್ಕೆ ಹೋಗಿ ಕೊನೆಯ ಅಪ್‌ಡೇಟ್ ಯಾವಾಗ ಬಂತು ನೋಡಿ. ಎರಡು ವರ್ಷದಿಂದ ಸದ್ದಿಲ್ಲ ಎಂದರೆ ಬೇರೆಯದನ್ನು ಹುಡುಕುವ ಸಮಯ ಬಂದಿದೆ. ಹಾಗೆಯೇ, ದುಡ್ಡಿನ ಪ್ಲಗಿನ್ನನ್ನು ಎಲ್ಲೋ ಪುಕ್ಕಟೆ ಸಿಗುತ್ತದೆ ಎಂದು ಇಳಿಸಿಕೊಳ್ಳುವ ಅಭ್ಯಾಸ ನಮ್ಮಲ್ಲಿದೆ. 'ನಲ್ಡ್' ಅಂತ ಅದಕ್ಕೆ ಆ ವಲಯದಲ್ಲಿ ಹೆಸರು. ಅದನ್ನು ಹಂಚುವವರು ಯಾಕೆ ಹಂಚುತ್ತಾರೆ ಎಂದು ಒಂದು ನಿಮಿಷ ಯೋಚಿಸಿದರೆ ಸಾಕು.

ಅಪ್‌ಡೇಟಿನ ವಿಷಯದಲ್ಲಿ ನನ್ನ ನಿಲುವು ಇದು. ಆಟೊ ಅಪ್‌ಡೇಟ್ ಆನ್ ಇರಲಿ. ವರ್ಡ್‌ಪ್ರೆಸ್ಸಿನಲ್ಲಿ 2020ರಿಂದ ಪ್ಲಗಿನ್ನುಗಳಿಗೂ ಆ ಸೌಲಭ್ಯ ಇದೆ. ಡಿಸ್‌ಪ್ಲೇ ವಿಜೆಟ್ಸಿನ ಕತೆ ಹೇಳಿದ ಮೇಲೂ ಹೀಗೆ ಹೇಳುತ್ತೀರಲ್ಲ ಎಂದು ನೀವು ಕೇಳಬಹುದು. ಅಪ್‌ಡೇಟಿನ ಮೂಲಕ ಬಂದ ಕೇಡು ಅಪರೂಪ, ಅಪ್‌ಡೇಟ್ ಆಗದೆ ಬಂದ ಕೇಡು ದಿನನಿತ್ಯದ್ದು. ದೋಷ ಬಯಲಾಗಿ ದಾಳಿ ಶುರುವಾಗುವುದಕ್ಕೆ ಈಗ ಕೆಲವೇ ಗಂಟೆ ಸಾಕು. ಸೋಮವಾರ ಆಫೀಸು ತೆರೆದ ಮೇಲೆ ನೋಡೋಣ ಎಂದರೆ ಆಗದು. ಆದರೆ ಅದರ ಜೊತೆಗೆ ಬ್ಯಾಕಪ್ ಇರಬೇಕು, ಆ ಬ್ಯಾಕಪ್ ಅದೇ ಸರ್ವರಿನಲ್ಲಿ ಇರಬಾರದು, ವಾರಗಟ್ಟಲೆ ಹಳೆಯ ಪ್ರತಿಗಳೂ ಅದರಲ್ಲಿರಬೇಕು. ಕಳ್ಳ ಕೋಡ್ ಒಂದು ತಿಂಗಳಿಂದ ಒಳಗೆ ಕೂತಿದ್ದರೆ ನಿನ್ನೆಯ ಬ್ಯಾಕಪ್ಪಿನಲ್ಲೂ ಅದು ಇರುತ್ತದೆ. ತಿಂಗಳಿಗೊಮ್ಮೆ ನಿಮ್ಮ ತಾಣವನ್ನು ಲಾಗಿನ್ ಆಗದೆ, ಬೇರೆಯವರ ಮೊಬೈಲಿನಲ್ಲಿ, ಗೂಗಲ್ಲಿನಲ್ಲಿ ಹುಡುಕಿ ತೆರೆದು ನೋಡಿ. ಕಾಲೇಜಿನ ತಾಣದ ಒಳಪುಟಗಳಲ್ಲಿ ಬೆಟ್ಟಿಂಗ್ ಜಾಹೀರಾತು ಕೂತಿರುವುದು ಪ್ರಿನ್ಸಿಪಾಲರಿಗೆ ಕೊನೆಗೆ ಗೊತ್ತಾಗುವುದು ಇಂಥ ಕಾರಣಕ್ಕೇ.

ಕಂಪನಿ ಅಥವಾ ಸರ್ಕಾರಿ ಸಂಸ್ಥೆಯ ತಾಣವಾದರೆ ಕಾನೂನಿನ ಮಾತೂ ಇದೆ. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲಿನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ, ಇಂಥ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು. ಸದ್ದಿಲ್ಲದೆ ಒರೆಸಿಹಾಕಿ ಸುಮ್ಮನಿರುವಂತಿಲ್ಲ.

ನಮ್ಮ ಕಡೆ ಬಹುತೇಕ ಸಣ್ಣ ತಾಣಗಳನ್ನು ಮಾಡುವುದು ಊರಿನ ಒಬ್ಬ ಚುರುಕಾದ ಹುಡುಗ ಅಥವಾ ಹುಡುಗಿ. ಎಂಟು ಹತ್ತು ಸಾವಿರಕ್ಕೆ ಚೆನ್ನಾಗಿಯೇ ಮಾಡಿಕೊಡುತ್ತಾರೆ. ಆಮೇಲೆ ಅವರಿಗೆ ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆ. ದುಡ್ಡಿನ ಪ್ಲಗಿನ್ನುಗಳ ಲೈಸೆನ್ಸ್ ಅವರ ಹೆಸರಿನಲ್ಲಿರುತ್ತದೆ. ವರ್ಷ ತುಂಬಿದಾಗ ನವೀಕರಿಸಿ ಎಂಬ ಇಮೇಲ್ ಹೋಗುವುದೂ ಅವರಿಗೆ. ಲೈಸೆನ್ಸ್ ಮುಗಿದರೂ ಪ್ಲಗಿನ್ ನಿಲ್ಲುವುದಿಲ್ಲ, ಅಪ್‌ಡೇಟ್ ಮಾತ್ರ ನಿಲ್ಲುತ್ತದೆ. ಮೇಲ್ನೋಟಕ್ಕೆ ಏನೂ ಬದಲಾಗಿರುವುದಿಲ್ಲ. ಆದ್ದರಿಂದ ತಾಣ ಕೈಗೆ ಬರುವ ದಿನವೇ ಹೋಸ್ಟಿಂಗ್ ಖಾತೆ, ಡೊಮೇನ್, ಲೈಸೆನ್ಸು ಮೂರನ್ನೂ ಸಂಸ್ಥೆಯ ಹೆಸರಿಗೆ, ಸಂಸ್ಥೆಯ ಇಮೇಲಿಗೆ ಮಾಡಿಸಿಕೊಳ್ಳಿ. ಯಾವ ಯಾವ ಪ್ಲಗಿನ್ ಹಾಕಿದೆ, ಥೀಮಿನ ಒಳಗೆ ಯಾವುದು ಸೇರಿ ಬಂದಿದೆ ಎಂಬ ಪಟ್ಟಿ ಬರೆಸಿಕೊಳ್ಳಿ. ತಿಂಗಳಿಗೆ ಐನೂರೋ ಸಾವಿರವೋ ಕೊಟ್ಟು ನೋಡಿಕೊಳ್ಳುವ ಕೆಲಸವನ್ನೂ ಅವರಿಗೇ ಒಪ್ಪಿಸಿ. ಈಗಾಗಲೇ ತಾಣ ಇದ್ದು ಈ ಯಾವುದೂ ನಿಮ್ಮ ಹತ್ತಿರ ಇಲ್ಲವಾದರೆ, ಆ ಹುಡುಗನ ಫೋನ್ ನಂಬರ್ ಬದಲಾಗುವ ಮೊದಲು ಒಂದು ಕರೆ ಮಾಡಿ.